ಬಟ್ಟೆಗೆ ಅಂಟಿಸಿಕೊಂಡು ತಂದ ಊರು

ಬನಹಟ್ಟಿ, ಹೊರಡುವ ಮುನ್ನ

ನಮ್ಮ ಅತ್ತೆಯ ಊರನ್ನು ನಾನು ನೋಡಿಲ್ಲ. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅಂಟಿಕೊಂಡೇ ಇತ್ತಂತೆ. ಆಲಮಟ್ಟಿಯ ಹಿನ್ನೀರು ಏರಿದಾಗ ಮುಳುಗಿತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮನೆಯವರು ಬನಹಟ್ಟಿಗೆ ಬಂದು, ನೂಲಿನ ಅಂಗಡಿ ಇಟ್ಟು, ಮಗ್ಗಗಳ ಸದ್ದಿನಲ್ಲೇ ನಿದ್ದೆ ಮಾಡುವುದನ್ನು ಕಲಿತಾಗಿತ್ತು. ಹಾಗಿದ್ದರೂ ಆ ಊರಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ನಡೆದೇನು ಅನ್ನುವಷ್ಟು ಅದರ ಸುದ್ದಿ ಕೇಳಿದ್ದೇನೆ. ಸಂಜೆ ಹೂಬತ್ತಿ ಹೊಸೆಯುತ್ತ ಕುಳಿತರೆ ಅತ್ತೆ ಶುರುಮಾಡಿದರೆಂದೇ ಲೆಕ್ಕ.

"ನಮ್ಮ ಮನಿ ಕಟ್ಟಿ ಮ್ಯಾಲೆ ಹೊಳಿ ಕಡೆ ಮಾರಿ ಮಾಡಿ ಕುಂತ್ರ, ಬಲಕ್ಕ ಹನಮಪ್ಪನ ಗುಡಿ. ಎಡಕ್ಕ ದೊಡ್ಡ ಬೇವಿನ ಗಿಡ. ನಡುವ ಹೊಳಿಗಿ ಇಳಿಯೂ ಮೆಟ್ಟಲ. ತಿಳೀತಿಲ್ಲೊ?"

"ತಿಳೀತರಿ ಅತ್ತಿ."

"ಬಾಗಲಾ ಕಿತ್ಕೊಂಡ ಬಂದ್ವಿ, ತೊಲಿ ತಂದ್ವಿ, ಖಾರ ಕುಟ್ಟೂ ಒಳ್ಳ ಸೈತ ತಂದ್ವಿ. ಒಂದ್ ಫೋಟೋ ತೆಗಸೂದು ಮಾತ್ರ ಯಾರಿಗೂ ನೆನಪಾಗಲಿಲ್ಲ ನೋಡು."

ನನ್ನ ಇಬ್ಬರು ಹೆಣ್ಣುಮಕ್ಕಳು ಈ ಮಾತು ಶುರುವಾದ ಕೂಡಲೇ ಒಬ್ಬರ ಹಿಂದೆ ಒಬ್ಬರು ಎದ್ದು ಹೋಗುತ್ತಿದ್ದರು. ಅತ್ತೆ ಅದನ್ನು ನೋಡಿಯೂ ನೋಡದಂತೆ ಬತ್ತಿ ಹೊಸೆಯುತ್ತಿದ್ದರು. ಒಂದು ದಿನ ಮಾತ್ರ ಕೈ ನಿಲ್ಲಿಸಿ, "ನಾ ಸತ್ತ ಮ್ಯಾಲೆ ಇಂಥಾದೊಂದು ಊರಿತ್ತು ಅಂತ ಯಾರ ನಂಬತಾರವಾ?" ಅಂದರು.

ನಾನು ರಬಕವಿಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಬಳೆಗಾರರ ಅಂಗಡಿಯಿಂದ ಒಡಕು ಬಳೆ ತರಿಸಿ ಮಕ್ಕಳ ಕೈಯಿಂದ ಶಾಲೆಯ ಗೋಡೆಯ ಮೇಲೆ ಒಂದು ನವಿಲು ಮಾಡಿಸಿದ್ದೆ. ಬಾದಾಮಿಗೆ ಹೊರಟಿದ್ದ ಇಟಲಿಯ ಹೆಂಗಸೊಬ್ಬಳು ಮಗ್ಗ ನೋಡಲೆಂದು ನಮ್ಮ ಕಡೆ ಇಳಿದವಳು, ಮಗ್ಗ ಬಿಟ್ಟು ಆ ನವಿಲಿನ ಮುಂದೆ ನಿಂತುಬಿಟ್ಟಳು. ಅವಳ ಹೆಸರು ಲೂಚಿಯಾ. ಚೂರುಗಳನ್ನು ಜೋಡಿಸಿ ಚಿತ್ರ ಮಾಡುವ ಮೊಸಾಯಿಕ್ ಕೆಲಸಕ್ಕೇ ಹೆಸರಾದ ರವೆನ್ನಾ ಅವಳ ಊರು, ಅದನ್ನು ಕಲಿಸುವುದೇ ಅವಳ ಉದ್ಯೋಗ. ಹೋಗುವಾಗ, "ದಸರಾ ರಜೆಯಲ್ಲಿ ನಮ್ಮ ಮನೆಗೆ ಬಾ, ಕಲಿಸುತ್ತೇನೆ" ಅಂದಳು. ಉಪಚಾರದ ಮಾತು ಅಂದುಕೊಂಡಿದ್ದೆ. ಖರೆ ಕರೆದಳು.

ಹೊರಡುವ ಹಿಂದಿನ ದಿನ ಅತ್ತೆ ಒಂದು ಗಂಟು ತಂದು ನನ್ನ ಮಡಿಲಲ್ಲಿ ಇಟ್ಟರು. ಹಳೆಯ ಮನೆಯಿಂದ ತಂದ ಚೂರುಗಳು: ನೀಲಿ ಅಂಚಿನ ಚಹಾದ ಬಸಿಗಳು, ಪಡಸಾಲೆಯ ನೆಲದ ಕೆಂಪು ಫರಸಿ, ಹಸಿರು ಗಾಜು, ಬಿಳಿ ಭರಣಿಯ ಹೊಟ್ಟೆ.

"ನಮ್ಮೂರು ಈ ಅಂಗಳದ ಗ್ವಾಡಿ ಮ್ಯಾಲೆ ಬರಬೇಕು. ಹುಡಿಗ್ಯಾರು ಕೇಳಿ ಕೇಳಿ ಬ್ಯಾಸತ್ತಾವು, ಕಣ್ಣಿಲೆ ನೋಡಲಿ. ಆದ್ರ ನೆನಪಿಟ್ಕೊ, ಗುಡಿ ಬಲಕ್ಕ."

ಬೊಲೊನ್ಯಾ, ವಿಮಾನ ನಿಲ್ದಾಣ

ಸೀರೆ ಉಟ್ಟ ಹೆಂಗಸಿನ ಚೀಲದಲ್ಲಿ ಕಲ್ಲು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ಸಮವಸ್ತ್ರದ ಯುವಕ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಲು ನಿಂತ. ಅದು ನಮ್ಮ ಅತ್ತೆ ಹಾಕಿದ ಗಂಟು, ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಉಗುರಿನಿಂದ ನೋಡಿದ, ಪೆನ್ನಿನಿಂದ ನೋಡಿದ, ಕೊನೆಗೆ ಸುತ್ತಮುತ್ತ ನೋಡಿ ಹಲ್ಲು ಹಚ್ಚಿದ. ಬಿಚ್ಚಿದ ಮೇಲೆ ಒಡಕು ಬಸಿಗಳನ್ನು ನೋಡಿ ಅವನಿಗೆ ಬಹಳ ನಿರಾಸೆಯಾಯಿತು.

"ಏನಿದು?" ಎಂದು ಕೇಳಿದ.

ನನ್ನ ಇಂಗ್ಲಿಷು ಗಾಬರಿಯಲ್ಲಿ ಎತ್ತಲೋ ಓಡಿಹೋಯಿತು. "ಊರು" ಅಂದೆ. ಅವನು ಹುಬ್ಬು ಏರಿಸಿದ. ಪಕ್ಕದ ಹಿರಿಯ ಅಧಿಕಾರಿ ಒಂದು ನೀಲಿ ಚೂರನ್ನು ಎತ್ತಿ ಬೆಳಕಿಗೆ ಹಿಡಿದು, "ರವೆನ್ನಾ?" ಎಂದ. "ರವೆನ್ನಾ" ಎಂದೆ. ಅಷ್ಟಕ್ಕೇ ಬಾಗಿಲು ತೆರೆಯಿತು. ಒಡಕು ಬಸಿ ಹೊತ್ತವರು ಆ ಊರಿಗೆ ಹೋಗುವುದು ಅವರಿಗೆ ಹೊಸದಲ್ಲವೆಂದು ಕಾಣುತ್ತದೆ.

ರವೆನ್ನಾ, ಸೈಕಲ್ಲುಗಳ ಊರು

ಅಂಗೈಯಷ್ಟು ಸಪಾಟಾದ ಊರು. ಏರಿಲ್ಲ, ಇಳಿಜಾರಿಲ್ಲ. ಅಜ್ಜಿಯರು ತುಟಿಗೆ ಬಣ್ಣ ಹಚ್ಚಿಕೊಂಡು, ಸೈಕಲ್ಲಿನ ಬುಟ್ಟಿಯಲ್ಲಿ ಗಜ್ಜರಿ ಸೊಪ್ಪು ತೂಗಿಸುತ್ತ ಹೋಗುತ್ತಾರೆ. ಸಮುದ್ರ ಹತ್ತಿರವಿದೆ, ಕಾಣುವುದಿಲ್ಲ. ಬೆಳಗ್ಗೆ ಮಂಜು ಬಂದು ಬೀದಿಯ ತುದಿಯನ್ನು ಅಳಿಸಿಬಿಡುತ್ತದೆ. ಮೊದಲ ದಿನ ಕಿಟಕಿಯಲ್ಲಿ ನಿಂತಾಗ ಎದುರಿನ ಚರ್ಚಿನ ಗೋಪುರ ಅರ್ಧವೇ ಇತ್ತು. ನಾನು ನಿದ್ದೆಯಿಂದ ಪೂರ್ತಿ ಎದ್ದಿಲ್ಲವೋ, ಊರೇ ಎದ್ದಿಲ್ಲವೋ ತಿಳಿಯದೆ ಬಹಳ ಹೊತ್ತು ಹಾಗೇ ನಿಂತಿದ್ದೆ.

ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ. ನಮ್ಮ ಪಕ್ಕದ ಮಹಾಲಿಂಗಪುರದ ಪೇಟೆಯಲ್ಲಿ ಹೀಗೆ ಹಾಡಹಗಲು ಬಾಗಿಲು ಎಳೆದರೆ ಏನೋ ಗಲಾಟೆ ಆಗಿದೆ ಎಂದು ಜನ ಮನೆ ಸೇರುತ್ತಾರೆ. ಇಲ್ಲಿ ಊಟ ಮಾಡಿ ಮಲಗುತ್ತಾರಷ್ಟೆ. ಚಹಾ ಕೇಳಿದರೆ ಬಿಸಿನೀರು ಬೇರೆ, ಚಹಾಪುಡಿಯ ಪುಡಿಕೆ ಬೇರೆ ಕೊಡುತ್ತಾರೆ. ಕಾಫಿಯನ್ನು ನಿಂತುಕೊಂಡೇ ಕುಂಕುಮದ ಬಟ್ಟಲಿನಷ್ಟು ಕುಡಿಯುತ್ತಾರೆ.

ಊಟದ ಚಿಂತೆ ಮಾತ್ರ ಮೊದಲ ಸಂಜೆಯೇ ಕಳೆಯಿತು. ಲೂಚಿಯಾ ಕಬ್ಬಿಣದ ಹಂಚು ಕಾಯಿಸಿ ದಪ್ಪ ಚಪಾತಿಯಂಥದನ್ನು ಬೇಯಿಸಿದಳು. ಪಿಯಾದೀನಾ ಎಂದು ಅದರ ಹೆಸರು. ನಾನು ಡಬ್ಬಿ ತೆಗೆದು ಶೇಂಗಾ ಚಟ್ನಿ ಹಾಕಿದೆ. ಅವಳು ಒಂದು ತುತ್ತು ತಿಂದು, ಮೂಗು ಒರೆಸಿಕೊಂಡು, ಕಣ್ಣೀರು ಸುರಿಸುತ್ತಲೇ ಇನ್ನೊಂದು ಕೇಳಿದಳು. ಇಬ್ಬರ ಇಂಗ್ಲಿಷೂ ಕುಂಟು. ಒಂದು ಕುಂಟು ಇನ್ನೊಂದರ ಹೆಗಲ ಮೇಲೆ ಕೈ ಹಾಕಿಕೊಂಡು ಹೇಗೋ ನಡೆಯಿತು.

ಲೂಚಿಯಾಳ ಅಡುಗೆಮನೆ

ದೊಡ್ಡ ಕಾರ್ಯಾಗಾರ ಇರುತ್ತದೆಂದು ಊಹಿಸಿಕೊಂಡು ಬಂದಿದ್ದೆ. ಇದ್ದದ್ದು ಅಡುಗೆಮನೆಯ ಮೇಜು. ಊಟ ಮುಗಿದ ಮೇಲೆ ತಟ್ಟೆ ಎತ್ತಿ, ಒರೆಸಿ, ಅದರ ಮೇಲೇ ಕೆಲಸ. "ಅಡುಗೆ ಮಾಡಬಲ್ಲವರು ಇದನ್ನೂ ಮಾಡಬಲ್ಲರು" ಎಂದು ಅವಳ ನಂಬಿಕೆ. ಪಾತ್ರೆ ಉಜ್ಜಿ ಉಜ್ಜಿ ಗಟ್ಟಿಯಾದ ಕೈಯೇ ಇದಕ್ಕೆ ಛಲೋ ಎಂದು ನನಗೂ ಅನ್ನಿಸಿತು.

ಊರಿಗೆ ಬಂದ ಮೇಲೆ ನೆರೆಹೊರೆಯವರು ಕೇಳಿದ್ದಕ್ಕೆಲ್ಲ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಬಸಿಯನ್ನು ಹಾಗೇ ಹೊಡೆಯಬಾರದು. ಗೋಣಿಚೀಲದಲ್ಲಿ ಸುತ್ತಿ, ಕಾಯಿ ಒಡೆಯುವ ಸಿಟ್ಟು ಬಿಟ್ಟು, ಸಣ್ಣಗೆ ತಟ್ಟಬೇಕು. ಕಣ್ಣಿಗೆ ಕನ್ನಡಕ ಇರಲೇಬೇಕು. ಚೂರನ್ನು ಇನ್ನೂ ಸಣ್ಣದು ಮಾಡಲು ಇಕ್ಕಳವನ್ನು ನಡುವೆ ಹಾಕಿದರೆ ಪುಡಿಯಾಗುತ್ತದೆ, ಅಂಚಿನಲ್ಲಿ ಒಂದಿಷ್ಟೇ ಕಚ್ಚಿಸಿ ಹಿಸುಕಿದರೆ ಬೇಕಾದಲ್ಲಿ ಸೀಳುತ್ತದೆ. ಮೊದಲು ಚಿತ್ರದ ಹೊರಗೆರೆಗೆ ಚೂರು ಕೂಡಿಸಬೇಕು. ಆಮೇಲೆ ಅದನ್ನು ತಬ್ಬಿಕೊಂಡಂತೆ ಹಿನ್ನೆಲೆಯ ಒಂದು ಸಾಲು. ಉಳಿದದ್ದೆಲ್ಲ ಆ ಸಾಲಿನ ದಾರಿ ಹಿಡಿಯುತ್ತದೆ. ಚೂರಿಗೂ ಚೂರಿಗೂ ನಡುವೆ ಜೋಳದ ಕಾಳಿನಷ್ಟು ಸಂದು. ನಾನು ಹೊಸ ಹುರುಪಿನಲ್ಲಿ ಒತ್ತೊತ್ತಾಗಿ ಕೂಡಿಸಿದ್ದನ್ನು ನೋಡಿ ಲೂಚಿಯಾ ಬೆರಳಾಡಿಸಿ, "ಇವಕ್ಕೆ ಉಸಿರಾಡಲು ಬಿಡು" ಅಂದಳು.

ಸಂದಿಗೆ ಸಿಮೆಂಟು ತುಂಬಿದ ಮೇಲೆ ಚಿತ್ರ ಪೂರ್ತಿ ಮಣ್ಣುಪಾಲಾದಂತೆ ಕಾಣುತ್ತದೆ. ಆಗ ಹೆದರಬಾರದು. ಅರೆ ಒಣಗುವತನಕ ಕಾದು ಒದ್ದೆ ಅರಿವೆಯಿಂದ ಮೆಲ್ಲಗೆ ಒರೆಸಿದರೆ ಒಂದೊಂದೇ ಬಣ್ಣ ಮೇಲೆ ಬರುತ್ತದೆ. ಬಹಳ ಬೇಗ ಒರೆಸಿದರೆ ಸಂದಿನದೂ ಎದ್ದು ಬರುತ್ತದೆ, ಬಹಳ ತಡವಾದರೆ ಕಲ್ಲಾಗಿ ಕೂರುತ್ತದೆ. ಹಾಲು ಕಾಯಿಸುವಾಗಿನಂತೆ ಅಲ್ಲೇ ನಿಂತಿರಬೇಕು.

ಹಿಂದೆ ಇಲ್ಲಿ ಚೂರು ಕೂಡಿಸಲು ಸುಣ್ಣದ ಗಾರೆ ಬಳಸುತ್ತಿದ್ದರಂತೆ. ನಮ್ಮಲ್ಲಿ ಹಳೆಯ ವಾಡೆ ಕಟ್ಟುವಾಗ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು ಎಂದು ನಾನು ಹೇಳಿ, ಅವಳಿಗೆಂದು ತಂದಿದ್ದ ಬೆಲ್ಲದ ತುಣುಕು ಕೊಟ್ಟೆ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಇದನ್ನು ಗೋಡೆಗೆ ಹಾಕುತ್ತೀರಾ? ಎಂಥ ಜನ ನೀವು!" ಅಂದಳು.

ನೀಲಿ ಚಾವಣಿ

ಒಂದು ಮಧ್ಯಾಹ್ನ ಅವಳು ನನ್ನನ್ನು ಒಂದು ಸಣ್ಣ ಇಟ್ಟಿಗೆಯ ಕಟ್ಟಡದ ಮುಂದೆ ಬಿಟ್ಟು, ತಾನು ಹೊರಗೆ ಕುಳಿತಳು. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ಹಳೆಯ ಉಗ್ರಾಣದಂತಿದೆ. ತಲೆ ತಗ್ಗಿಸಿ ಒಳಗೆ ಹೋದೆ. ಏನೂ ಕಾಣಲಿಲ್ಲ.

ಕಣ್ಣು ಕತ್ತಲೆಗೆ ಹೊಂದಿದ ಹಾಗೆ ಮೇಲೆ ನೀಲಿ ತೆರೆಯತೊಡಗಿತು. ಒಂದು ನೀಲಿಯಲ್ಲ. ಶ್ರಾವಣದ ಸಂಜೆ, ದೀಪ ಹಚ್ಚುವ ಮೊದಲು, ಹೊಲದಾಚೆಗೆ ಕ್ಷಣಹೊತ್ತು ಬಂದು ಹೋಗುವ ನೀಲಿ. ಅದರ ತುಂಬ ಚಿನ್ನದ ಚುಕ್ಕೆ. ಒಂದು ಹೆಜ್ಜೆ ಆಚೆ ಇಟ್ಟರೆ ಕೆಲವು ಚುಕ್ಕೆ ಆರುತ್ತವೆ, ಬೇರೆಯವು ಹೊತ್ತಿಕೊಳ್ಳುತ್ತವೆ. ನಾನು ಮುಂದೆ ಹೋದೆ, ಹಿಂದೆ ಬಂದೆ, ಮತ್ತೆ ಮುಂದೆ ಹೋದೆ. ಕಾವಲಿನವಳು ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಾಗಲಿಲ್ಲ.

ಹೊರಗೆ ಬಂದು ಕೇಳಿದಾಗ ಲೂಚಿಯಾ ಗುಟ್ಟು ಹೇಳಿದಳು. ಆ ಚಾವಣಿಯ ಗಾಜಿನ ಚೂರುಗಳನ್ನು ಸಪಾಟಾಗಿ ಕೂಡಿಸಿಲ್ಲ. ಒಂದೊಂದನ್ನೂ ಗಾರೆಯಲ್ಲಿ ಒಂದಿಷ್ಟು ಓರೆ ಮಾಡಿ ಒತ್ತಿದ್ದಾರೆ. ಹಾಗಾಗಿ ಬೆಳಕು ಎಲ್ಲದರ ಮೇಲೂ ಒಮ್ಮೆಲೇ ಬೀಳುವುದಿಲ್ಲ. ನಾನು ಇಪ್ಪತ್ತು ವರ್ಷ ಮಕ್ಕಳಿಗೆ 'ನೆಟ್ಟಗೆ, ನೆಟ್ಟಗೆ' ಎಂದು ಕೂಗಿದವಳು.

ನೀರಿನ ಕೆಳಗಿನ ನೆಲ

ಇನ್ನೊಂದು ದಿನ ಒಂದು ಹಳೆಯ ಚರ್ಚಿಗೆ ಹೋದೆವು. ಒಳಗೆ ಮೆಟ್ಟಿಲಿಳಿದು ಸಣ್ಣ ಕಿಂಡಿಯಲ್ಲಿ ಬಗ್ಗಿ ನೋಡಬೇಕು. ಕಪ್ಪು. ಲೂಚಿಯಾ ಡಬ್ಬಿಯಲ್ಲಿ ಒಂದು ನಾಣ್ಯ ಹಾಕಿದಳು. ದೀಪ ಬೆಳಗಿತು.

ಕೆಳಗೆ ಕಂಬಗಳ ಒಂದು ಕೋಣೆ, ಅದರ ತುಂಬ ನೀರು. ನೀರಿನ ತಳದಲ್ಲಿ ಯಾವ ಕಾಲದವರೋ ಚೂರು ಕೂಡಿಸಿ ಮಾಡಿದ ನೆಲ. ಅದರ ಮೇಲೆ ಕೆಂಪು ಮೀನುಗಳು ಅವಸರವಿಲ್ಲದೆ ಓಡಾಡುತ್ತಿದ್ದವು. ಕಟ್ಟಿದ ಮೇಲೆ ಊರು ತಗ್ಗುತ್ತ ಬಂತು, ನೆಲದ ನೀರು ಮೇಲೆದ್ದು ಕೋಣೆ ತುಂಬಿತು ಎಂದು ಲೂಚಿಯಾ ಪಿಸುಗುಟ್ಟಿದಳು.

ನಾನು ಕಿಂಡಿ ಬಿಟ್ಟು ಏಳಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗಲೂ ನಮ್ಮವರು ಯಾರೂ ಆ ಕಡೆ ಹೋಗುವುದಿಲ್ಲ. ಹೋಗೋಣ ಅಂದರೆ ಅತ್ತೆ ಬೇಡ ಅನ್ನುತ್ತಾರೆ. ಅವರ ಪಡಸಾಲೆಯ ಕೆಂಪು ಫರಸಿಯ ಮೇಲೂ ಹೀಗೇ ಮೀನು ಆಡುತ್ತಿರಬಹುದೇ? ಕಟ್ಟೆಯ ಮೇಲೆ ಹತ್ತಿ, ಒಳ್ಳು ಕಿತ್ತ ಕುಳಿಯಲ್ಲಿ ಇಳಿದು, ಬಾಗಿಲಿಲ್ಲದ ಬಾಗಿಲಿನಿಂದ ಹೊರಗೆ? ದೀಪ ಆರಿತು. ಲೂಚಿಯಾ ಇನ್ನೊಂದು ನಾಣ್ಯ ಹಾಕಿದಳು, ಅದು ಮುಗಿದ ಮೇಲೆ ಮತ್ತೊಂದು. ನಾನು ಅಳುತ್ತಿರುವುದು ಅವಳಿಗೆ ಕಂಡಿತ್ತು. ಏಕೆ ಎಂದು ಆಗ ಕೇಳಲಿಲ್ಲ, ರಾತ್ರಿ ಊಟಕ್ಕೆ ಕುಳಿತಾಗ ನಾನೇ ಹೇಳಿದೆ.

"ಹಾಗಾದರೆ ನಾಳೆಯೇ ಶುರುಮಾಡೋಣ" ಅಂದಳು.

ಬಟ್ಟೆಯ ಮೇಲೆ

ಗೋಡೆ ಬನಹಟ್ಟಿಯಲ್ಲಿ, ನಾವು ಇಟಲಿಯಲ್ಲಿ. ಇಂಥ ಪೇಚಿಗೂ ಒಂದು ಉಪಾಯವಿದೆ. ಗಟ್ಟಿ ಬಟ್ಟೆಯ ಮೇಲೆ ಚಿತ್ರ ಬರೆದು, ಚೂರುಗಳನ್ನು ಬೋರಲಾಗಿ, ಅಂದರೆ ಬಣ್ಣದ ಮುಖ ಬಟ್ಟೆಗೆ ಬರುವಂತೆ, ಹಿಟ್ಟಿನ ಅಂಟಿನಿಂದ ಅಂಟಿಸುವುದು. ಒಣಗಿದ ಮೇಲೆ ತುಂಡು ತುಂಡಾಗಿ ಕತ್ತರಿಸಿ ಒಯ್ಯಬಹುದು. ಊರಲ್ಲಿ ಗೋಡೆಯ ಹಸಿ ಸಿಮೆಂಟಿಗೆ ಚೂರಿನ ಬೆನ್ನು ಒತ್ತಬೇಕು. ಅದು ಕಚ್ಚಿಕೊಂಡ ಮೇಲೆ ಬಟ್ಟೆಗೆ ನೀರು ಹಚ್ಚಿ ಸುಲಿದರೆ ಅಂಟು ಕರಗಿ ಬಣ್ಣದ ಮುಖ ಹೊರಬರುತ್ತದೆ.

ಅಂಟಿನ ಹದದಲ್ಲಿ ನಾನೇ ಅವಳಿಗೆ ಗುರು. ನೂಲಿಗೆ ಗಂಜಿ ಹಾಕುವ ಊರಿನವಳಿಗೆ ಗಂಜಿ ಕಾಯಿಸುವುದನ್ನು ಯಾರು ಕಲಿಸಬೇಕು? ಮೈದಾ ಕದಡಿ, ಗಂಟಾಗದಂತೆ ತಿರುವಿ, ಬೆರಳಿಗೆ ಎಳೆ ಬರುವ ಹೊತ್ತಿಗೆ ಇಳಿಸಿದೆ. ಲೂಚಿಯಾ ಮೂಸಿ ನೋಡಿ ತಲೆದೂಗಿದಳು. ಅಲ್ಲಿಗೆ ನನ್ನ ಸೊಕ್ಕು ಒಂದು ಗೇಣು ಏರಿತು.

"ಒಂದು ಮಾತು. ಚಿತ್ರವನ್ನು ಮೊದಲು ತೆಳು ಕಾಗದದ ಮೇಲೆ ಬರೆದು, ಕಾಗದ ಮಗುಚಿ, ಹಿಂಬದಿಯಿಂದ ಕಂಡದ್ದನ್ನು ಬಟ್ಟೆಗೆ ಇಳಿಸಬೇಕು" ಎಂದಳು.

"ಗೊತ್ತು, ಗೊತ್ತು. ನಮ್ಮ ಮಗ್ಗದ ಮೇಲೂ ಸೀರೆಯ ಬೆನ್ನೇ ಮೇಲಿರುತ್ತದೆ" ಎಂದೆ.

ಗೊತ್ತಿದ್ದದ್ದು ಅರ್ಧ. ಸೀರೆ ಬೋರಲಾಗಿ ನೇಯುತ್ತಾರೆ ಖರೆ, ಆದರೆ ಅದರ ಎರಡೂ ದಡಿ ಒಂದೇ ಥರ, ಸೆರಗಿನ ತೆನೆಯ ವಿನ್ಯಾಸಕ್ಕೂ ಎಡಬಲದ ಭೇದವಿಲ್ಲ. ಮಗುಚಿದರೂ ಅದೇ ಸೀರೆ. ಬನಹಟ್ಟಿಯಲ್ಲಿ ಹುಟ್ಟಿದ ಯಾರೂ ಬಟ್ಟೆ ತಿರುಗಿಸುವಾಗ ಎಡ ಬಲವಾದೀತು ಎಂದು ಚಿಂತಿಸಿದ್ದಿಲ್ಲ. ನಾನೂ ಚಿಂತಿಸಲಿಲ್ಲ. ಕಾಗದದ ಗೊಡವೆಯೇ ಬೇಡವೆಂದು ಸೀದಾ ಬಟ್ಟೆಯ ಮೇಲೆ ಸೀಸದಕಡ್ಡಿಯಿಂದ ಬರೆದೆ. ನೀರು ಚೆನ್ನಾಗಿ ಕಾಣಲಿ ಎಂದು ಹೊಳೆಯನ್ನು ಮುಂದೆ, ಕೆಳಗಡೆ ಇಟ್ಟೆ. ಅದರ ಮೇಲೆ ಮೆಟ್ಟಿಲು, ಹಿಂದೆ ಮನೆಗಳು. ಬಲಕ್ಕೆ ಗುಡಿ, ಎಡಕ್ಕೆ ಬೇವು. ಲೂಚಿಯಾ ಬಂದು "ಮಗುಚಿದೆಯಾ?" ಎಂದು ಕೇಳಿದಾಗ ಹೂಂಗುಟ್ಟಿದೆ. ಅವಳಾದರೂ ಗುಡಿ ಎತ್ತ ಇರಬೇಕೆಂದು ಹೇಗೆ ತಿಳಿದಾಳು?

ಆ ದಿನಗಳು ಹೇಗೆ ಹೋದವೋ! ಬಣ್ಣದ ಮುಖವೆಲ್ಲ ಕೆಳಗೆ, ನನಗೆ ಕಾಣುವುದು ಬರೀ ಬಿಳಿ ಬೆನ್ನು. ನೀಲಿ ಅಂಚಿನ ಬಸಿ ಹೊಳೆಯಾಯಿತು, ಫರಸಿ ಗುಡಿಯ ಗೋಡೆಯಾಯಿತು, ಹಸಿರು ಗಾಜು ಬೇವಿನೆಲೆ. ಕಿಟಕಿಯಾಚೆ ಮಂಜು, ಒಳಗೆ ಗಂಜಿಯ ವಾಸನೆ. ಕೆಲವು ಸಲ ನಾನೇ ಆ ಮೆಟ್ಟಿಲ ಮೇಲೆ ಕುಳಿತು ಬಟ್ಟೆ ಒಗೆಯುತ್ತಿದ್ದೇನೆ, ಅತ್ತೆ ಮೇಲಿನಿಂದ ಕೂಗುತ್ತಿದ್ದಾರೆ ಅನ್ನಿಸಿ ತಿರುಗಿ ನೋಡಿದ್ದೂ ಉಂಟು. ಲೂಚಿಯಾ ಎದುರಿಗೆ ಕುಳಿತು ತನ್ನ ಕೆಲಸ ಮಾಡುತ್ತ, ಏನೋ ಗುನುಗುತ್ತಿದ್ದಳು.

ಬನಹಟ್ಟಿ, ಅಂಗಳ

ಗೌಂಡಿ ಬಸಣ್ಣ ಗೋಡೆ ಕೆರೆದು, ನೀರು ಕುಡಿಸಿ, ಸಿಮೆಂಟು ಮೆತ್ತಿದ. ನಾನು ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಒತ್ತಿದೆ, ಅವನು ಹಲಗೆಯಿಂದ ಬಡಿದು ಕೂಡಿಸಿದ.

"ಅಕ್ಕಾರ, ಒಳಗ ಏನೈತೋ ಏನೋ. ನನಗ ಅರಿವಿ ಅಷ್ಟ ಕಾಣಾಕತ್ತೈತ್ರಿ" ಅಂದ.

ಮರುದಿನ ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ, ಕುರ್ಚಿ ಹಾಕಿಸಿಕೊಂಡು ಗೋಡೆಯ ಮುಂದೆ ಕುಳಿತರು. ಮಕ್ಕಳನ್ನು ಕರೆದರು. ದೊಡ್ಡವಳು ಬಾಗಿಲಿಗೆ ಒರಗಿ ನಿಂತಳು, ಸಣ್ಣವಳು ಮೋರೆ ಊದಿಸಿಕೊಂಡು ಬಂದಳು. ನಾನು ಬಟ್ಟೆಗೆ ನೀರು ಹಚ್ಚಿ ಕೆಳಗಿನಿಂದ ಸುಲಿಯತೊಡಗಿದೆ. ಹೊಳೆ ಬಂತು. ಮೆಟ್ಟಿಲು ಬಂತು. "ಹೌದು, ಹೌದು" ಎಂದರು ಅತ್ತೆ. ಬಲಗಡೆ ಬಟ್ಟೆ ಎಳೆದೆ, ಗುಡಿ ಕಾಣಬೇಕಿತ್ತು. ಹಸಿರು ಕಂಡಿತು. ಬೇವು.

ಎಡಗಡೆ ಎಳೆದೆ. ಅಲ್ಲಿ ಗುಡಿ.

ಅವರು ನೂರು ಸಲ ಹೇಳಿದ್ದು ಅದೊಂದೇ ಮಾತು. ಅದನ್ನೇ ಉಲ್ಟಾ ಮಾಡಿಟ್ಟಿದ್ದೆ. ಅವರ ಬಸಿಗಳೆಲ್ಲ ಮುಗಿದಿದ್ದವು, ಇನ್ನೊಂದು ಮಾಡಲು ಚೂರೂ ಇರಲಿಲ್ಲ.

"ಅತ್ತಿ, ತಪ್ಪಾತರಿ" ಎಂದೆ. "ಗುಡಿ ಎಡಕ್ಕ ಹೋತರಿ."

ಬಸಣ್ಣ ಕರಣೆ ಎತ್ತಿದ. "ಇನ್ನಾ ಪೂರಾ ಕಲ್ಲಾಗಿಲ್ರಿ. ಕಿತ್ತ ಬಿಡೂಣೇನ್ರಿ?"

"ಕೈ ಹಚ್ಚಬ್ಯಾಡ" ಎಂದರು ಅತ್ತೆ.

ಎದ್ದು ಗೋಡೆಯ ಹತ್ತಿರ ಬಂದರು. ಆಮೇಲೆ ಗೋಡೆಗೆ ಬೆನ್ನು ಮಾಡಿ ನಿಂತು, ಬಲಗೈ ಒಮ್ಮೆ, ಎಡಗೈ ಒಮ್ಮೆ ಚಾಚಿ ಏನೋ ಲೆಕ್ಕ ಹಾಕಿದರು. ಮತ್ತೆ ತಿರುಗಿದರು. ಗೋಡೆಯ ಮೇಲಿನ ಕಣ್ಣು ತೆಗೆಯದೆ ಹಿಂದೆ ಹಿಂದೆ ಸರಿದು, ಕುರ್ಚಿ ದಾಟಿ, ಅಂಗಳದ ಆ ತುದಿಗೆ ಹೋಗಿ ನಿಂತರು.

"ಮಂದಿಗಿ ಹೊಳಿ ಮುಂದ ಕಾಣಬೇಕಂದ್ರ ಎಲ್ಲಿಂದ ನೋಡಬೇಕವಾ?" ಎಂದು ನನ್ನನ್ನು ಕೇಳಿದರು. "ಕಟ್ಟಿ ಮ್ಯಾಲಿಂದಲ್ಲ. ಹೊಳ್ಯಾಗಿಂದ."

ಆಗ ನನಗೆ ಹೊಳೆಯಿತು. ನಾನು ಎಡಬಲವನ್ನು ಅವರ ಕಟ್ಟೆಯಿಂದ ತೆಗೆದುಕೊಂಡಿದ್ದೆ, ಹೊಳೆಯನ್ನು ಮಾತ್ರ ಮುಂದೆ ತಂದಿದ್ದೆ. ಹಾಗೆ ಕಾಣುವ ಊರು ಎಲ್ಲಿಯೂ ಇರಲಿಲ್ಲ. ಬಟ್ಟೆ ಮಗುಚಿ, ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಬಿದ್ದು, ಗೋಡೆಯ ಮೇಲೆ ನಿಂತದ್ದು ನೀರಿನ ಮೇಲಿಂದ ಕಾಣುವ ಊರು.

"ನನ್ನ ತೌರಮನಿ ಆಚಿ ದಂಡಿಗಿ" ಎಂದರು ಅತ್ತೆ. ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಹೀಗೆ ಶುರುಮಾಡಿದ್ದೇ ಇಲ್ಲ. ಅವರ ಊರಿನ ಕತೆ ಯಾವಾಗಲೂ ಕಟ್ಟೆಯ ಮೇಲಿಂದಲೇ ಶುರು. "ಲಗ್ನಾ ಆಗಿ ಹರಗೋಲದಾಗ ಬಂದೆ. ಹಿಂಗ ನೋಡ, ಹಿಂಗ ಇತ್ತು. ಎಡಕ್ಕ ಗುಡಿ. ಆ ಗಿಡದ ನೆರಳು ನೀರಾಗ."

ಸಣ್ಣವಳು ಓಡಿಹೋಗಿ ಅವರ ಪಕ್ಕ ನಿಂತು, ತಾನೂ ಅಲ್ಲಿಂದಲೇ ನೋಡಿದಳು. ದೊಡ್ಡವಳು ಬಾಗಿಲು ಬಿಟ್ಟು ಬಂದಿದ್ದಳು.

"ಆಯಿ, ನೀ ಆಗ ಏನ ಮಾಡಾಕತ್ತಿದ್ದಿ?" ಎಂದು ದೊಡ್ಡವಳೇ ಅಜ್ಜಿಯನ್ನು ಕೇಳಿದಳು.

"ಏನ ಮಾಡ್ಲಿ? ಸೆರಗ ಹೊತ್ಕೊಂಡು ಕೆಳಗ ಮಾರಿ ಹಾಕಿ ಅಳಾಕತ್ತಿದ್ದೆ. ಹರಗೋಲ ನಡಸಾಂವ ಹುಟ್ಟ ನಿಲ್ಲಿಸಿ ಅಂದ: ಸಾಕಮಾಡ ತಂಗಿ, ತಲಿ ಎತ್ತಿ ನೋಡು, ನಿನ್ನೂರು ಬಂತು."